ರಿಪೇರಿಯ ಮರುದಿನ

ಫ್ಯುಯೆಲ್ ಫಿಲ್ಟರ್ ಹೊಸದು ಹಾಕಿಸಿ, ಇಂಜೆಕ್ಟರ್ ತೊಳೆಸಿ, ಥ್ರಾಟಲ್ ಬಾಡಿ ಒರೆಸಿ ಮನೆಗೆ ತಂದ ಕಾರು ಮರುದಿನ ಬೆಳಿಗ್ಗೆ ನಡುಗುತ್ತದೆ. ಸೆಲ್ಫ್ ಹೊಡೆದರೆ ಆನ್ ಆಗುತ್ತದೆ, ಐಡ್ಲಿಂಗ್ ಮಾತ್ರ ನಿಲ್ಲುವುದಿಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ದಟ್ಟಣೆಯಲ್ಲಿ ಕ್ಲಚ್ ಒತ್ತಿ ನಿಂತರೆ ಸ್ಟೀರಿಂಗ್ ಅದುರುತ್ತದೆ. ನಂದಿಬೆಟ್ಟದ ತಿರುವಿನಲ್ಲಿ ಪಿಕಪ್ ಇಲ್ಲ. "ನಿನ್ನೆ ಗಂಟ ಚೆನ್ನಾಗೇ ಓಡ್ತಿತ್ತಲ್ಲಣ್ಣಾ, ನೀವು ಕೈ ಹಾಕಿದ್ಮೇಲೇ ಮಿಸ್ಸಿಂಗ್ ಹೊಡೀತೈತೆ" ಎನ್ನುವುದು ಮಾಲೀಕರ ದೂರು. "ನಾವು ಮಾಡಿದ್ದು ಪೆಟ್ರೋಲ್ ಲೈನ್ ಕೆಲಸ ಸಾರ್, ಇದು ಕಾಯಿಲ್ ಹೋಗಿರೋದು" ಎನ್ನುವುದು ಗ್ಯಾರೇಜಿನ ಉತ್ತರ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಈ ಸೀಮೆಯ ಯಾವ ಊರಿನ ಗ್ಯಾರೇಜಿನ ಮುಂದೆ ನಿಂತರೂ ಈ ಜಗಳ ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ.

ಇಬ್ಬರ ಮಾತಿನಲ್ಲೂ ತರ್ಕವಿದೆ, ಇಬ್ಬರ ಬಳಿಯೂ ಪುರಾವೆ ಇಲ್ಲ. ಕೆಲಸವಾದ ಕೂಡಲೇ ಕಾಣಿಸಿಕೊಂಡ ತೊಂದರೆಗೆ ಆ ಕೆಲಸವೇ ಮೊದಲ ಶಂಕಿತ ಎನ್ನುವುದು ಸರಿ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಪ್ರಸಂಗಗಳೂ ಇವೆ. ಜತೆಗೆ ಇಬ್ಬರೂ ಎಣಿಸದ ಇನ್ನೊಂದು ಸಾಧ್ಯತೆ ಉಂಟು: ಕೆಲಸ ಸರಿಯಾಗಿಯೇ ಆಗಿದೆ, ಬೇರೆ ಯಾವ ಭಾಗವೂ ಕೆಟ್ಟಿಲ್ಲ, ಆದರೂ ಎಂಜಿನ್ ನಡುಗುತ್ತಿದೆ. ಇದು ಹೇಗೆ ಸಾಧ್ಯ ಎಂದು ತಿಳಿದರೆ ಇವತ್ತಿನ ಎಂಜಿನ್ ಕೆಲಸ ಮಾಡುವ ಬಗೆಯೇ ಅರ್ಥವಾದಂತೆ.

ರಿಪೇರಿಯ ನಂತರದ ನಡುಕಕ್ಕೆ ಕಾರಣಗಳನ್ನು ನಾಲ್ಕು ಗುಂಪು ಮಾಡಬಹುದು. ಒಳಗೆ ಇರಬಾರದ್ದು ಸೇರಿಕೊಂಡಿದೆ. ಮತ್ತೆ ಕೂರಿಸಬೇಕಾದದ್ದು ಸರಿಯಾಗಿ ಕೂತಿಲ್ಲ. ಕಾರಿನ ಕಂಪ್ಯೂಟರ್ ಹಳೆಯ ಸ್ಥಿತಿಯನ್ನೇ ನೆನಪಿಟ್ಟುಕೊಂಡಿದೆ. ಇಲ್ಲವೇ, ಮೊದಲಿನಿಂದ ಅಡಗಿದ್ದ ರೋಗ ಈಗ ಹೊರಬಿದ್ದಿದೆ. ನಾಲ್ಕನ್ನೂ ಬೇರ್ಪಡಿಸಲು ಹೊಸ ಬಿಡಿಭಾಗ ಬೇಕಿಲ್ಲ. ಪ್ರಶ್ನೆಯನ್ನು ಸರಿಯಾದ ಕ್ರಮದಲ್ಲಿ ಕೇಳಿದರೆ ಎಂಜಿನ್ನೇ ಉತ್ತರ ಹೇಳುತ್ತದೆ.

ನಡುಕದ ಲೆಕ್ಕ

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಚಿಕ್ಕಬಳ್ಳಾಪುರದ ಎತ್ತರದಲ್ಲಿ ಗಾಳಿ ಸ್ವಲ್ಪ ತೆಳು, ಹಾಗಾಗಿ ಗಾತ್ರದ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಹತ್ತು ಸಾವಿರ ಲೀಟರ್ ಗಾಳಿ ಎನ್ನಬಹುದು. ಈ ಅನುಪಾತಕ್ಕಿಂತ ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ತೆಳುವಾಗುತ್ತದೆ, ಹೆಚ್ಚಾದರೆ ದಟ್ಟವಾಗುತ್ತದೆ. ಎರಡರಲ್ಲಿ ಯಾವುದು ಅತಿಯಾದರೂ ಕಿಡಿ ಹಾರಿದಾಗ ಬೆಂಕಿ ಸರಿಯಾಗಿ ಹತ್ತುವುದಿಲ್ಲ. ಹತ್ತದೆ ಹೋದ ಆ ಒಂದು ಸುತ್ತೇ ಮಿಸ್ಸಿಂಗ್.

ಮಿಸ್ಸಿಂಗ್ ಮೈಗೆ ಯಾಕೆ ಅಷ್ಟು ತಟ್ಟುತ್ತದೆ? ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 840 ಸುತ್ತಿನಲ್ಲಿ ಐಡ್ಲಿಂಗ್ ಆಗುತ್ತಿದೆ ಎನ್ನಿ. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ, ಅಂದರೆ ನಿಮಿಷಕ್ಕೆ 420 ಸಲ, ಸೆಕೆಂಡಿಗೆ 7 ಸಲ. ನಾಲ್ಕೂ ಸೇರಿದರೆ ಸೆಕೆಂಡಿಗೆ 28 ತಳ್ಳು. ಇಷ್ಟು ವೇಗದ ತಳ್ಳುಗಳನ್ನು ಎಂಜಿನ್ನಿನ ರಬ್ಬರ್ ಮೌಂಟಿಂಗ್‌ಗಳು ನುಂಗಿಬಿಡುತ್ತವೆ, ನಮಗೆ ಗೊತ್ತಾಗುವುದು ಸಣ್ಣ ಗುಂಯ್‌ಗುಡುವಿಕೆ ಅಷ್ಟೇ. ಅದರಲ್ಲಿ ಒಂದು ಸಿಲಿಂಡರ್ ಸತ್ತರೆ, ಸೆಕೆಂಡಿಗೆ 7 ಸಲ ಒಂದು ತಳ್ಳು ತಪ್ಪುತ್ತದೆ. 28ರ ಗುಂಯ್ ಒಳಗೆ 7ರ ಕುಲುಕಾಟ ಹುಟ್ಟುತ್ತದೆ. ಇಷ್ಟು ನಿಧಾನದ ಕುಲುಕಾಟವನ್ನು ಮೌಂಟಿಂಗ್ ತಡೆಯಲಾರದು. ಅದು ಬಾಡಿಗೆ, ಸೀಟಿಗೆ, ಸ್ಟೀರಿಂಗಿಗೆ ಹರಿಯುತ್ತದೆ. ಮೂರು ಸಿಲಿಂಡರಿನ ಮಾರುತಿ 800ರಲ್ಲಿ ಒಂದು ನಿಂತರೆ ಹೋಗುವುದು ಬಲದ ಮೂರನೇ ಒಂದು ಪಾಲು. ಅಲ್ಲಿ ನಡುಕ ಇನ್ನೂ ಜೋರು.

ಕಂಪನದ ಆಕಾರ ನೋಡಿ ಅದರ ಮೂಲ ಹೇಳುವ ವಿದ್ಯೆಗೆ ಈ ಸೀಮೆಯಲ್ಲೇ ಒಂದು ದೊಡ್ಡ ನೆಲೆ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಕಟ್ಟಿದ ಭೂಕಂಪನ ಮಾಪಕಗಳ ಸಾಲು, ದೂರದಿಂದ ಬಂದ ಅದುರು ಸಹಜ ಭೂಕಂಪದ್ದೋ ನೆಲದಡಿಯ ಸ್ಫೋಟದ್ದೋ ಎಂದು ಅಲೆಯ ಲಕ್ಷಣದಿಂದಲೇ ಗುರುತಿಸುವ ಕೆಲಸಕ್ಕೆ ಹುಟ್ಟಿದ್ದು. ಕಾರಿಗೂ ಅದೇ ಪ್ರಶ್ನೆ ಹಾಕಬಹುದು. ನಡುಕಕ್ಕೆ ತಾಳ ಇದೆಯೇ? ಒಂದೇ ಲಯದಲ್ಲಿ ಡುಗ್ ಡುಗ್ ಎಂದು ಕುಲುಕಿದರೆ ಒಂದೇ ಸಿಲಿಂಡರಿಗೆ ಸೇರಿದ ತೊಂದರೆ. ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಓಲಾಡುತ್ತ, ಒಮ್ಮೆ ಏರಿ ಒಮ್ಮೆ ಆಫ್ ಆಗುವಂತೆ ಇಳಿದರೆ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ತೊಂದರೆ.

ಈ ಒಂದು ಪ್ರಶ್ನೆಗೇ ಶಂಕಿತರ ಪಟ್ಟಿ ಅರ್ಧವಾಗುತ್ತದೆ. ಲಯವಿದ್ದರೆ ಒಂದು ಇಂಜೆಕ್ಟರ್, ಅದರ ವೈರಿನ ಕನೆಕ್ಟರ್, ಅದರ ರಬ್ಬರ್ ರಿಂಗ್, ಕಿಡಿ ಹಾರಿಸುವ ಒಂದು ಪ್ಲಗ್, ಅದಕ್ಕೆ ವಿದ್ಯುತ್ ಕೊಡುವ ಒಂದು ಕಾಯಿಲ್. ಲಯವಿಲ್ಲದಿದ್ದರೆ ಪಂಪ್, ಫಿಲ್ಟರ್, ಥ್ರಾಟಲ್ ಬಾಡಿ, ಗಾಳಿ ಅಳೆಯುವ ಸೆನ್ಸರ್, ಕಂಪ್ಯೂಟರಿನ ನೆನಪು.

ಒಳಗೆ ಸೇರಿದ್ದು

ಪೆಟ್ರೋಲ್ ಲೈನ್ ಬಿಚ್ಚಿದರೆ ಗಾಳಿ ನುಗ್ಗುತ್ತದೆ. ಇಂಜೆಕ್ಟರಿಗೆ ಬೇಕಾದದ್ದು ಮೂರರಿಂದ ನಾಲ್ಕು ಬಾರ್‌ನ ಸ್ಥಿರ ಒತ್ತಡ. ಐಡ್ಲಿಂಗ್‌ನಲ್ಲಿ ಅದು ಪ್ರತಿ ಸಲ ಬಾಯಿ ತೆರೆಯುವುದು ಎರಡು ಮೂರು ಮಿಲಿಸೆಕೆಂಡು ಮಾತ್ರ. ಆ ಕ್ಷಣಕ್ಕೆ ಪೆಟ್ರೋಲಿನ ಬದಲು ಗಾಳಿಗುಳ್ಳೆ ಬಂದರೆ ಆ ಸುತ್ತು ಖಾಲಿ. ಹಳೆಯ ಬಾವಿ ಪಂಪ್‌ಸೆಟ್ಟಿನ ಪೈಪಿಗೆ ನೀರು ತುಂಬಿಸದೆ ಮೋಟಾರು ಹಾಕಿದರೆ ಅದು ಸುಮ್ಮನೆ ತಿರುಗುತ್ತಿತ್ತಲ್ಲ, ಅದೇ ನ್ಯಾಯ ಇಲ್ಲಿಯೂ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ, ಗಾಳಿಯನ್ನು ಒತ್ತಿದರೆ ಅದು ಕುಗ್ಗಿ ಕೂರುತ್ತದೆ.

ಪೆಟ್ರೋಲ್ ಕಾರಿನಲ್ಲಿ ಈ ತೊಂದರೆ ಬೇಗ ತೀರುತ್ತದೆ. ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿನ ಪಂಪ್ ಸುಮಾರು ಎರಡು ಸೆಕೆಂಡು ತಿರುಗಿ ಲೈನ್ ತುಂಬಿಸುತ್ತದೆ. ಸೆಲ್ಫ್ ಹೊಡೆಯದೆ ಕೀಯನ್ನು ನಾಲ್ಕೈದು ಸಲ ಆನ್-ಆಫ್ ಮಾಡಿದರೆ ಗಾಳಿ ಹಿಂದೆ ಸರಿದು ಒತ್ತಡ ಕಟ್ಟುತ್ತದೆ. ಸ್ಟಾರ್ಟ್ ಆಗಿ ಒಂದೆರಡು ನಿಮಿಷ ಓಡಿದ ಮೇಲೂ ನಡುಕ ಉಳಿದರೆ ಅದು ಗಾಳಿಯದ್ದಲ್ಲ. ಇದೂ ಒಂದು ಉಪಯುಕ್ತ ಉತ್ತರವೇ.

ಡೀಸೆಲ್ಲಿನ ಕತೆ ಗಡುಸು. ಅಲ್ಲಿ ಕಿಡಿ ಇಲ್ಲ; ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಮಂಜಾಗಿ ಚಿಮ್ಮಿದಾಗ ತಾನೇ ಉರಿಯುತ್ತದೆ. ಹಳೆಯ ಪಂಪುಗಳಲ್ಲಿ ಇಂಜೆಕ್ಟರ್ ಬಾಯಿ ತೆರೆಯಲು ನೂರಕ್ಕೂ ಹೆಚ್ಚು ಬಾರ್ ಒತ್ತಡ ಬೇಕು. ಒಂದು ಹನಿಯಷ್ಟು ಗಾಳಿ ಸಿಕ್ಕಿಕೊಂಡರೂ ಪಂಪಿನ ತಳ್ಳೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಟೊಮೆಟೊ, ತರಕಾರಿ, ಹೂವು ಹೇರಿಕೊಂಡು ನಸುಕಿನಲ್ಲೇ ಬೆಂಗಳೂರಿಗೆ ಹೊರಡುವ ಗಾಡಿಗಳ ಡ್ರೈವರುಗಳಿಗೆ 'ಏರ್ ತೆಗೆಯೋದು' ಹಲ್ಲುಜ್ಜಿದಷ್ಟೇ ಸಲೀಸು: ಫಿಲ್ಟರಿನ ಮೇಲಿನ ಹ್ಯಾಂಡ್ ಪಂಪ್ ಒತ್ತುತ್ತ, ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಡುವುದು. ಹಳೆಯ ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಡೀಸೆಲ್ ಪಂಪ್ ಎಂದರೆ ಮೈಕೊ. 1951ರಲ್ಲಿ ಬೆಂಗಳೂರಿನಲ್ಲಿ ಜರ್ಮನಿಯ ಬಾಷ್ ಸಹಯೋಗದಿಂದ ಹುಟ್ಟಿದ ಈ ಮೋಟಾರ್ ಇಂಡಸ್ಟ್ರೀಸ್ ಕಂಪನಿ ದೇಶಕ್ಕೆಲ್ಲ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು.

ಹಳೆಯ ಗಾಡಿಗಳಲ್ಲಿ ಏರ್ ತೆಗೆಯುವ ಈ ಕೈಚಳಕವನ್ನು ಇವತ್ತಿನ ಕಾಮನ್ ರೈಲ್ ಡೀಸೆಲ್ ಮೇಲೆ ಪ್ರಯೋಗಿಸಬಾರದು. ಅಲ್ಲಿ ಒತ್ತಡ ಸಾವಿರದ ಐನೂರು ಬಾರ್ ದಾಟುತ್ತದೆ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಹೊಕ್ಕ ಡೀಸೆಲ್ಲಿನಿಂದ ಬೆರಳೇ ಹೋಗಬಹುದು. ಅದು ತುರ್ತು ಆಸ್ಪತ್ರೆಯ ಪ್ರಕರಣ.

ಗಾಳಿಯ ನಂತರ ಕಸ. ಫಿಲ್ಟರ್ ಬಿಚ್ಚುವಾಗ ಅದರ ಕೊಳಕು ಕಡೆಯ ಎರಡು ಹನಿ ಶುದ್ಧ ಕಡೆಯ ಪೈಪಿಗೆ ಬಿದ್ದರೆ ಸಾಕು, ಅದಕ್ಕೂ ಇಂಜೆಕ್ಟರಿಗೂ ನಡುವೆ ಬೇರೆ ದೊಡ್ಡ ಕಾವಲಿಲ್ಲ. ಡೀಸೆಲ್ ಪಂಪಿನ ಒಳಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಅದರ ಹತ್ತಾರು ಪಟ್ಟು. ಕೆಲಸಕ್ಕೆ ಮುಂಚೆ ಫಿಲ್ಟರಿನ ಸುತ್ತಲ ಧೂಳು ಒರೆಸುವುದು ಶೋಕಿಯ ಮಾತಲ್ಲ. ಫಿಲ್ಟರಿನ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆಗೆ ಮುಖ ಮಾಡಿರಬೇಕು.

ಕಸಕ್ಕೆ ಈಗ ಇನ್ನೊಂದು ಮೂಲವಿದೆ. ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಈಗ ಅದು ಎಲ್ಲ ಕಡೆ ಸಾಮಾನ್ಯ. ಎಥನಾಲ್ ಒಳ್ಳೆಯ ದ್ರಾವಕ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿದ್ದ ಜಿಡ್ಡನ್ನು ಅದು ಕರಗಿಸಿ ಎಬ್ಬಿಸುತ್ತದೆ. ನೀರನ್ನೂ ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಂದಿಗೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪಿನ ಬಾಯಿ ಇರುವುದೂ ಅಲ್ಲಿಯೇ. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿಗೆ ಹೊಸ ಫಿಲ್ಟರ್ ಹಾಕಿದ ಮೇಲೂ ಮಿಸ್ಸಿಂಗ್ ಬಂದರೆ, ತಳದ ಒಂದು ಲೋಟ ಇಂಧನವನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಬಿಟ್ಟು ನೋಡಬೇಕು. ಎರಡು ಪದರವಾಗಿ ನಿಂತರೆ ಇಂಜೆಕ್ಟರನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ತೊಳೆಯಬೇಕಾದದ್ದು ಟ್ಯಾಂಕು.

ಸರಿಯಾಗಿ ಕೂರದ್ದು

ಇಂಜೆಕ್ಟರ್ ತೆಗೆಯಬೇಕಾದರೆ ದಾರಿಗೆ ಅಡ್ಡವಿರುವ ಗಾಳಿ ಕೊಳವೆ, ಸಣ್ಣ ವ್ಯಾಕ್ಯೂಮ್ ಪೈಪು, ನಾಲ್ಕಾರು ಕನೆಕ್ಟರ್ ಬಿಚ್ಚಲೇಬೇಕು. ಕೆಲಸ ಇಂಧನದ್ದೇ ಆದರೂ, ಮರುದಿನದ ತೊಂದರೆ ಬಹುಮಟ್ಟಿಗೆ ಹುಟ್ಟುವುದು ಗಾಳಿಯ ದಾರಿಯಲ್ಲಿ.

ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಸಿಲಿಂಡರುಗಳು ಎಳೆಯುತ್ತಲೇ ಇರುತ್ತವೆ. ಆದ್ದರಿಂದ ಅವುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಎಲ್ಲಿ ಸಣ್ಣ ಸಂದು ಸಿಕ್ಕರೂ ಹೊರಗಿನ ಗಾಳಿ ಸಿಳ್ಳೆ ಹಾಕುತ್ತ ನುಗ್ಗುತ್ತದೆ. ಮರೆತ ಪೈಪು, ಹರಿದ ರಬ್ಬರ್ ರಿಂಗ್, ಓರೆ ಕೂತ ಇಂಜೆಕ್ಟರ್, ಇಷ್ಟು ಸಾಕು. ಕಾಲೊತ್ತಿ ರೇಸ್ ಕೊಟ್ಟಾಗ ಥ್ರಾಟಲ್ ತೆರೆದು ಒಳ ಒತ್ತಡ ಏರುತ್ತದೆ, ಒಟ್ಟು ಗಾಳಿ ಹಲವು ಪಟ್ಟಾಗುತ್ತದೆ, ಸೋರಿಕೆಯ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದಾಗುತ್ತದೆ. ನಿಂತಾಗ ನಡುಗಿ ಓಡಿಸಿದಾಗ ಸರಿಯಾಗುವ ಕಾರಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಸೋರಿಕೆಯನ್ನು. ಇದಕ್ಕೆ ತಿರುಗುಮುರುಗಾಗಿ, ನಿಂತಾಗ ಚೆನ್ನಾಗಿದ್ದು ನಂದಿಬೆಟ್ಟದ ಏರಿನಲ್ಲಿ ಮುಗ್ಗರಿಸಿದರೆ ಬೇಡಿಕೆಯಷ್ಟು ಪೆಟ್ರೋಲ್ ತಲುಪುತ್ತಿಲ್ಲ: ಮಡಿಚಿಕೊಂಡ ಪೈಪು, ತಿರುಗಾಮುರುಗಾ ಕೂರಿಸಿದ ಫಿಲ್ಟರ್, ಸೋತ ಪಂಪು.

ಇಲ್ಲಿ ಊರಿನ ಎತ್ತರದ ಮಾತು ಬರುತ್ತದೆ. ವ್ಯಾಕ್ಯೂಮ್ ಗೇಜ್ ಕಟ್ಟಿ ನೋಡುವ ಮೆಕ್ಯಾನಿಕ್‌ಗೆ, ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸ ತೋರಿಸಬೇಕು ಎಂದು ಪುಸ್ತಕ ಹೇಳುತ್ತದೆ. ಆ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಕಳೆಯಬೇಕು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್, ಅಂದರೆ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಪುಸ್ತಕದ ಪ್ರಕಾರ ರೋಗಿಯೆನಿಸುವ 15 ಇಂಚಿನ ಎಂಜಿನ್ ಇಲ್ಲಿ ಗಟ್ಟಿಮುಟ್ಟಾಗಿರಬಹುದು. ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಸ್ಕ್ಯಾನರಿಗೂ ಇದು ಅನ್ವಯಿಸುತ್ತದೆ. ಕೀ ಆನ್ ಮಾಡಿ, ಎಂಜಿನ್ ಓಡಿಸದೆ ಮ್ಯಾನಿಫೋಲ್ಡ್ ಒತ್ತಡ ನೋಡಿದರೆ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು: ಚೆನ್ನೈಯಲ್ಲಿ 101 ಕಿಲೋಪಾಸ್ಕಲ್, ಗೌರಿಬಿದನೂರಿನ ತಗ್ಗಿನಲ್ಲಿ 93ರ ಆಸುಪಾಸು, ಚಿಕ್ಕಬಳ್ಳಾಪುರದಲ್ಲಿ 91, 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ 85ರ ಹತ್ತಿರ. 91 ಕಂಡು ಸೆನ್ಸರ್ ಕೆಟ್ಟಿದೆ ಎಂದು ಹೊಸದು ಹಾಕಿಸಿದರೆ ಹೊಸದೂ 91 ಎಂದೇ ಹೇಳುತ್ತದೆ.

ಸೋರಿಕೆ ಹುಡುಕಲು ಸುರಕ್ಷಿತ ದಾರಿ ಹೊಗೆ ಪರೀಕ್ಷೆ: ಮ್ಯಾನಿಫೋಲ್ಡಿಗೆ ತೆಳುವಾದ ಹೊಗೆ ತುಂಬಿದರೆ ಸಂದಿನಿಂದ ಅದು ತಾನೇ ಹೊರಬಂದು ತೋರಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಶಬ್ದ ಬದಲಾಗುವುದೇ ಎಂದು ನೋಡುವ ಹಳೆಯ ಚಾಳಿ ಬೆಂಕಿಗೆ ಆಹ್ವಾನ. ಮರುದಿನ ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರಂತೂ ಸ್ಟಾರ್ಟ್ ಮಾಡಲೇಬಾರದು. ಮೊದಲು ಸೋರುವ ಜಾಗ ಸಿಗಬೇಕು, ಉಳಿದ ಪರೀಕ್ಷೆಗಳೆಲ್ಲ ಆಮೇಲೆ.

ನೆನಪಿನಲ್ಲಿ ಉಳಿದದ್ದು

ಕಾರ್ಬ್ಯುರೇಟರ್ ಕಾಲದಲ್ಲಿ ಮಿಶ್ರಣವನ್ನು ಹದಕ್ಕೆ ತರುತ್ತಿದ್ದದ್ದು ಒಂದು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ಮತ್ತು ಮೆಕ್ಯಾನಿಕ್ಕಿನ ಕಿವಿ. ಈ ನೆಲದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಹೋರಾಡಿದರು. ಆ ಯತ್ನದಲ್ಲಿ ಜತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅಲ್ಲಿಂದ ಬಂದ ಪದ್ಮಿನಿ ಕಾರಿನ ಕಾರ್ಬ್ಯುರೇಟರಿಗೆ ನೆನಪು ಎಂಬುದಿರಲಿಲ್ಲ. ತೊಳೆದರೆ ಕೂಡಲೇ ಸರಿಹೋಗುತ್ತಿತ್ತು, ತಪ್ಪಾಗಿ ಜೋಡಿಸಿದರೆ ಕೂಡಲೇ ಕೆಡುತ್ತಿತ್ತು. ಕಾರ್ಯಕ್ಕೂ ಫಲಕ್ಕೂ ನಡುವೆ ಅಂತರವೇ ಇರಲಿಲ್ಲ.

1976ರಲ್ಲಿ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್ ವೋಲ್ವೊ ಕಾರಿನ ಹೊಗೆಕೊಳವೆಗೆ ಬಂದು ಕೂತಾಗ ಈ ಚಿತ್ರ ಬದಲಾಯಿತು. ಉರಿದ ಮೇಲೆ ಉಳಿದ ಆಮ್ಲಜನಕವನ್ನು ಅದು ಅಳೆಯುತ್ತದೆ. ಹೆಚ್ಚು ಉಳಿದಿದ್ದರೆ ಮಿಶ್ರಣ ತೆಳು, ಕಂಪ್ಯೂಟರ್ ಪೆಟ್ರೋಲ್ ಏರಿಸುತ್ತದೆ. ಉಳಿದಿಲ್ಲದಿದ್ದರೆ ದಟ್ಟ, ಇಳಿಸುತ್ತದೆ. ಸೆಕೆಂಡು ಸೆಕೆಂಡಿಗೆ ಆಗುವ ಈ ತಿದ್ದುಪಡಿ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್. ದಿನಗಟ್ಟಲೆ ಒಂದೇ ದಿಕ್ಕಿನ ತಿದ್ದುಪಡಿ ಬೇಕಾಗುತ್ತಿದ್ದರೆ ಕಂಪ್ಯೂಟರ್ ಅದನ್ನು ಖಾಯಂ ಆಗಿ ಬರೆದಿಟ್ಟುಕೊಳ್ಳುತ್ತದೆ. ಅದು ಲಾಂಗ್ ಟರ್ಮ್ ಟ್ರಿಮ್.

ಈಗ ಲೆಕ್ಕ ನೋಡಿ. ವರ್ಷಗಳ ಜಿಡ್ಡಿನಿಂದ ಇಂಜೆಕ್ಟರುಗಳು ಶೇಕಡ 10ರಷ್ಟು ಕಡಿಮೆ ಸುರಿಸುತ್ತಿದ್ದವು ಎನ್ನಿ. ಕಂಪ್ಯೂಟರ್ ಅವುಗಳನ್ನು ಶೇಕಡ 11 ಹೆಚ್ಚು ಹೊತ್ತು ತೆರೆದಿಟ್ಟು ಸರಿದೂಗಿಸಿತು. ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ, ಕಾರು ಚೆನ್ನಾಗಿಯೇ ಓಡಿತು. ನಿನ್ನೆ ಇಂಜೆಕ್ಟರ್ ತೊಳೆದು ಹೊಸದರಂತೆ ಮಾಡಿದರು. ಇಂದು ಬೆಳಿಗ್ಗೆ ಕಂಪ್ಯೂಟರ್ ಹಳೆಯ ನೆನಪಿನಂತೆ ಶೇಕಡ 11 ಹೆಚ್ಚು ಹೊತ್ತು ತೆರೆದಿಟ್ಟಿತು. ಜಿಡ್ಡು ಹೋಗಿದೆ, ಜಿಡ್ಡಿಗಾಗಿ ಮಾಡಿಕೊಂಡ ಏರ್ಪಾಡು ಹಾಗೇ ಇದೆ. ಎಂಜಿನ್ನಿಗೆ ಶೇಕಡ 11 ಅಧಿಕ ಪೆಟ್ರೋಲ್. ಆಕ್ಸಿಜನ್ ಸೆನ್ಸರ್ ಕೆಲಸ ಶುರುಮಾಡಲು ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬೇಕು. ತಣ್ಣಗಿನ ಎಂಜಿನ್ನಿನ ಮೊದಲ ಹೊತ್ತಿನಲ್ಲಿ ಕಂಪ್ಯೂಟರಿಗೆ ನೆನಪೊಂದೇ ಆಧಾರ. ಬೆಳಗಿನ ಸ್ಟಾರ್ಟಿನಲ್ಲೇ ನಡುಕ ಹೆಚ್ಚಿದ್ದು, ಐದು ಹತ್ತು ಕಿಲೋಮೀಟರ್ ಓಡಿದಂತೆ ಇಳಿದು, ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂದರೆ ಇದೇ ಕಾರಣ ಎಂದು ತಿಳಿಯಬಹುದು. ರಿಪೇರಿ ಸರಿಯಾಗಿ ಆದದ್ದೇ ತೊಂದರೆಗೆ ಮೂಲ!

ಥ್ರಾಟಲ್ ಬಾಡಿಯ ಕತೆಯೂ ಇದೇ. ಅಂಚಿಗೆ ಮಸಿ ಕಟ್ಟಿ ಗಾಳಿ ಕಡಿಮೆಯಾದಾಗ ಕಂಪ್ಯೂಟರ್ ತಟ್ಟೆಯನ್ನು ಕೂದಲೆಳೆಯಷ್ಟು ಹೆಚ್ಚು ತೆರೆಯಲು ಕಲಿತಿರುತ್ತದೆ. ಮಸಿ ಒರೆಸಿದ ಮೇಲೆ ಅದೇ ತೆರವಿಗೆ ಹೆಚ್ಚು ಗಾಳಿ ನುಗ್ಗುತ್ತದೆ, ಐಡ್ಲಿಂಗ್ ಏರುತ್ತದೆ, ಕಂಪ್ಯೂಟರ್ ಇಳಿಸಲು ಹೋಗಿ ಅತಿಯಾಗಿ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಮುಳ್ಳಿನ ಓಲಾಟ ಅದರಿಂದ. ಬಹಳಷ್ಟು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಐಡಲ್ ಕಲಿಕೆಯನ್ನು ರೀಸೆಟ್ ಮಾಡುವ ಕ್ರಮವಿದೆ. ಒರೆಸುವುದು ಕೆಲಸದ ಅರ್ಧ, ರೀಸೆಟ್ ಇನ್ನರ್ಧ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಕೆಲವು ಕಾರುಗಳಲ್ಲಿ ಈ ನೆನಪು ಅಳಿಸಿಹೋಗುತ್ತದೆ. ಆಗ ಇದರ ವಿರುದ್ಧ ದಿಕ್ಕಿನ ಆಟ. ಇಂಜೆಕ್ಟರ್ ತೊಳೆದಿಲ್ಲ, ಬರೀ ಪಂಪ್ ಬದಲಾಗಿದೆ, ಮುನ್ನೆಚ್ಚರಿಕೆಗೆ ಬ್ಯಾಟರಿ ಬಿಚ್ಚಿದ್ದರು ಎನ್ನಿ. ಹಳೆಯ ದೋಷಗಳನ್ನು ಇಷ್ಟು ದಿನ ಮುಚ್ಚಿಟ್ಟಿದ್ದ ತಿದ್ದುಪಡಿ ಹೋಯಿತು, ದೋಷಗಳು ಹಾಗೇ ಉಳಿದು ಬಯಲಾದವು.

ಇಂಧನ ಬದಲಾದರೂ ಟ್ರಿಮ್ ಸರಿಯುತ್ತದೆ. ಎಥನಾಲ್‌ನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಇ20ಕ್ಕೆ ಬೇಕಾದ ಅನುಪಾತ 14.7ರ ಬದಲು ಸುಮಾರು 13.5. ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಸುರಿಯಬೇಕು. ಇಂಜೆಕ್ಷನ್ ಕಾರು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಶಕ್ತಿ ಇಲ್ಲ. ಹಾಗಾಗಿ ಟ್ರಿಮ್ ನಾಲ್ಕೈದು ಅಂಕ ಸರಿದದ್ದು ಕಂಡ ಮಾತ್ರಕ್ಕೆ ಗಾಬರಿ ಬೇಡ. ಹತ್ತರ ಒಳಗಿನದು ಸಾಮಾನ್ಯ, ಇಪ್ಪತ್ತರ ಹತ್ತಿರ ಹೋದರೆ ಎಲ್ಲೋ ನಿಜವಾದ ದೋಷವಿದೆ.

ಟ್ರಿಮ್ ಓದುವ ಬಗೆ ಹೀಗೆ; ಕಂಪ್ಯೂಟರ್ ಪೆಟ್ರೋಲ್ ಏರಿಸಿದ್ದರೆ ಅಂಕಿ ಧನ, ಇಳಿಸಿದ್ದರೆ ಋಣ. ಬಿಸಿಯಾದ ಎಂಜಿನ್ನಿನಲ್ಲಿ ಐಡ್ಲಿಂಗ್ ಹೊತ್ತಿನ ಅಂಕಿ ಬರೆದುಕೊಳ್ಳಿ, 2,500 ಸುತ್ತಿಗೆ ರೇಸ್ ಹಿಡಿದು ಇನ್ನೊಮ್ಮೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಅಧಿಕ ಧನ, ರೇಸ್‌ನಲ್ಲಿ ಸೊನ್ನೆಯತ್ತ ಇಳಿದರೆ ಗಾಳಿ ಸೋರಿಕೆ. ರೇಸ್ ಮತ್ತು ಏರಿನಲ್ಲಿ ಧನ ಹೆಚ್ಚಾದರೆ ಪೆಟ್ರೋಲ್ ಸಾಲುತ್ತಿಲ್ಲ. ಎಲ್ಲ ಕಡೆ ಋಣವಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ: ತೊಳೆದ ಇಂಜೆಕ್ಟರಿನ ಹಳೆಯ ನೆನಪು, ಬಾಯಿ ಮುಚ್ಚದೆ ಹನಿಯುವ ಇಂಜೆಕ್ಟರ್, ಕೆಟ್ಟ ಪ್ರೆಶರ್ ರೆಗ್ಯುಲೇಟರ್. ಒಂದು ಎಚ್ಚರ: ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಕಾರುಗಳಿಗೆ ಮೊದಲ ಸೂತ್ರ ಚೆನ್ನಾಗಿ ಹೊಂದುತ್ತದೆ. ನಮ್ಮ ಅನೇಕ ಸಣ್ಣ ಕಾರುಗಳು ಮ್ಯಾನಿಫೋಲ್ಡ್ ಒತ್ತಡದಿಂದ ಗಾಳಿಯನ್ನು ಲೆಕ್ಕಹಾಕುತ್ತವೆ. ಅವುಗಳಲ್ಲಿ ಸೋರಿದ ಗಾಳಿಯೂ ಒತ್ತಡವಾಗಿ ಎಣಿಕೆಗೆ ಬರುವುದರಿಂದ ಟ್ರಿಮ್ ಅಷ್ಟಾಗಿ ಅಲುಗದೆ ಐಡ್ಲಿಂಗೇ ಏರಬಹುದು.

ಮೊದಲೇ ಇದ್ದದ್ದು

ಗ್ಯಾರೇಜಿನವರ ಮಾತೂ ಒಮ್ಮೊಮ್ಮೆ ಸರಿ. ಸವೆದ ಪ್ಲಗ್ಗು, ಸೋತ ಕಾಯಿಲ್ಲು ಎಷ್ಟೋ ಕಾಲ ಹೇಗೋ ನಡೆಸಿಕೊಂಡು ಬಂದಿರುತ್ತವೆ. ರಿಪೇರಿಯ ನಂತರ ಲೈನ್ ತುಂಬುವಷ್ಟರಲ್ಲಿ ಹತ್ತಾರು ಸಲ ಸೆಲ್ಫ್ ಹೊಡೆದಿದ್ದರೆ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದು ಕಿಡಿ ನೆಲಕಚ್ಚುತ್ತದೆ.

ಇದನ್ನು ಪತ್ತೆಹಚ್ಚುವ ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಸ್ಕ್ಯಾನರ್ ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0303 ಎಂದರೆ ಮೂರನೆಯದರಲ್ಲಿ, ಪಿ0300 ಎಂದರೆ ಎಲ್ಲೆಂದರಲ್ಲಿ. ಪಿ0301 ಬಂದಿದೆ ಎನ್ನಿ. ಎಂಜಿನ್ ಆಫ್ ಮಾಡಿ ಒಂದನೆಯ ಕಾಯಿಲನ್ನು ಮೂರಕ್ಕೂ ಮೂರರದ್ದನ್ನು ಒಂದಕ್ಕೂ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303 ಆದರೆ ತಪ್ಪು ಕಾಯಿಲಿನದು, ಗ್ಯಾರೇಜಿನವರ ಮಾತು ನಿಜ. ಕೋಡ್ ಒಂದರಲ್ಲೇ ನಿಂತರೆ ಕಾಯಿಲ್ ನಿರಪರಾಧಿ. ಆಮೇಲೆ ಪ್ಲಗ್ಗಿಗೂ ಅದೇ ಪರೀಕ್ಷೆ, ಕೊನೆಗೆ ಇಂಜೆಕ್ಟರಿಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನೂ ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ, ಬಿಲ್ಲು ಮಾತ್ರ ಮೂರರದ್ದೂ ಬರುತ್ತದೆ.

ಸ್ಕ್ಯಾನರನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಪ್ಲಗ್ ಸತ್ತು ಮಿಶ್ರಣ ಉರಿಯದೆ ಹೊರಬಿದ್ದಾಗ ಅದರ ಆಮ್ಲಜನಕವೂ ಹಾಗೇ ಹೊರಬೀಳುತ್ತದೆ. ಸೆನ್ಸರ್ ಎಣಿಸುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಹೀಗಾಗಿ ಅದು 'ಮಿಶ್ರಣ ತೆಳು' ಎಂದು ವರದಿ ಕೊಡುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕಿಡಿಯ ತೊಂದರೆ ಇಂಧನದ ತೊಂದರೆಯ ವೇಷ ಹಾಕಿ ಬರುವುದು ಹೀಗೆ. ಆದ್ದರಿಂದ ಮಿಸ್ಸಿಂಗ್ ಮತ್ತು ತೆಳು ಮಿಶ್ರಣ ಎರಡೂ ಕೋಡ್ ಒಟ್ಟಿಗೆ ಬಂದರೆ ಮೊದಲು ಮಿಸ್ಸಿಂಗ್ ವಿಚಾರಿಸಬೇಕು. ಉರಿಯದ ಆ ಪೆಟ್ರೋಲ್ ಸೈಲೆನ್ಸರ್ ಹಾದಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸಬಲ್ಲದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಬೆಂಗಳೂರಿಗೆ ಹೋಗಿ ಬಂದ ಮೇಲೆ ನೋಡೋಣ ಎನ್ನಬಾರದು.

ಯಾವುದು ಮೊದಲು

ಪರೀಕ್ಷೆಗಳಿಗೆ ಒಂದು ಕ್ರಮವಿದೆ. ಖರ್ಚಿಲ್ಲದ್ದು ಮೊದಲು, ಹಿಂದಕ್ಕೆ ತಿರುಗಿಸಬಹುದಾದದ್ದು ಮೊದಲು, ನಿನ್ನೆ ಕೈಯಾಡಿದ ಜಾಗ ಮೊದಲು. ಕೆಲಸ ಮಾಡಿದವರನ್ನು 'ಏನು ತಪ್ಪು ಮಾಡಿದಿರಿ' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, 'ಏನೇನು ಬಿಚ್ಚಿದಿರಿ' ಎಂದು ಕೇಳಿದರೆ ಸಿಗುತ್ತದೆ. ಆ ಪಟ್ಟಿಯಂತೆ ಒಂದೊಂದು ಪೈಪನ್ನೂ ಕನೆಕ್ಟರನ್ನೂ ಮುಟ್ಟಿ, ಅಲುಗಿಸಿ, ಕ್ಲಿಕ್ ಎನ್ನಿಸಿ ನೋಡಿ. ನಂತರ ನಡುಕದ ಲಯ. ನಂತರ ತಣ್ಣಗಿದ್ದಾಗ ಹೇಗೆ, ಬಿಸಿಯಾದಾಗ ಹೇಗೆ, ನಿಂತಾಗ ಹೇಗೆ, ಏರಿನಲ್ಲಿ ಹೇಗೆ. ನಂತರ ಟ್ರಿಮ್. ನಂತರ ಅದಲುಬದಲು. ಇಷ್ಟೂ ಆದಮೇಲೂ ಉತ್ತರ ಸಿಗದಿದ್ದರೆ ಫ್ಯುಯೆಲ್ ಪ್ರೆಶರ್ ಗೇಜ್, ಕೊನೆಯಲ್ಲಿ ಕಂಪ್ರೆಶನ್ ಪರೀಕ್ಷೆ. ಹೊಸ ಬಿಡಿಭಾಗ ಕೊಳ್ಳುವ ಮಾತು ಇಲ್ಲಿಂದ ಮುಂದೆ.

ಆದರೂ ಈ ಎಲ್ಲ ಪರೀಕ್ಷೆಗಳಿಗೆ ಒಂದು ಕೊರತೆ ಇದೆ. ಅವು ಇವತ್ತಿನ ಸ್ಥಿತಿಯನ್ನು ಹೇಳುತ್ತವೆ, ಜಗಳ ಇರುವುದು ನಿನ್ನೆಯ ಸ್ಥಿತಿಯ ಬಗ್ಗೆ. ಇವತ್ತು ಟ್ರಿಮ್ ಧನ 14 ಇದೆ; ಕೆಲಸಕ್ಕೆ ಮುಂಚೆಯೂ 14 ಇತ್ತೇ, ಇಲ್ಲ 3 ಇತ್ತೇ? ಮುಂಚಿನ ಅಂಕಿ ಇಲ್ಲದೆ ಈಗಿನ ಅಂಕಿಯಿಂದ ಯಾರನ್ನೂ ಹೊಣೆ ಮಾಡಲಾಗದು, ಯಾರನ್ನೂ ಬಿಡುಗಡೆ ಮಾಡಲೂ ಆಗದು. ಅದೃಷ್ಟಕ್ಕೆ ಈಗ ಕೈಯಲ್ಲಿ ಹಿಡಿಯುವ ಅಗ್ಗದ ಸ್ಕ್ಯಾನರಿಗೂ ಮೊಬೈಲ್ ಫೋನಿಗೂ ಈ ಅಂಕಿಗಳು ಸಿಗುತ್ತವೆ. ಕಾರನ್ನು ಇಂಧನದ ಕೆಲಸಕ್ಕೆ ಬಿಡುವ ಮುನ್ನ ಐಡ್ಲಿಂಗ್ ಸುತ್ತು, ಎರಡೂ ಟ್ರಿಮ್, ಕೀ ಆನ್ ಒತ್ತಡ, ಉಳಿದಿರುವ ಕೋಡ್, ಇಷ್ಟನ್ನು ಮೆಕ್ಯಾನಿಕ್ ಎದುರಿಗೇ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಳ್ಳಬೇಕು. ಕೆಲಸ ಮುಗಿದು, ಎಂಜಿನ್ ಬಿಸಿಯಾದ ಮೇಲೆ ಅವೇ ಅಂಕಿಗಳನ್ನು ಪಕ್ಕದಲ್ಲಿ ಬರೆಯಬೇಕು. ಈ ಎರಡು ಸಾಲು ಕೈಯಲ್ಲಿದ್ದರೆ ಮರುದಿನ ಬಾನೆಟ್ ಎತ್ತುವ ಹೊತ್ತಿಗೆ ಎಲ್ಲಿಂದ ಹುಡುಕಬೇಕೆಂದು ಮಾಲೀಕರಿಗೂ ಮೆಕ್ಯಾನಿಕ್‌ಗೂ ಗೊತ್ತಿರುತ್ತದೆ, ಹಣ ಯಾರು ಕೊಡಬೇಕೆಂಬುದೂ ಸೇರಿದಂತೆ.